ಸ್ವದೇಶದಲ್ಲಿ ಫಿಸಿಯೋಥೆರಪಿ ಸೀಟು ಸಿಗಲಿಲ್ಲವೇ? ಹೊರದೇಶದಲ್ಲಿ ಓದಿ ನೋಂದಣಿ ಪಡೆಯುವ ಸಮಗ್ರ ಮಾರ್ಗದರ್ಶಿ

ಸ್ವದೇಶದಲ್ಲಿ ಸೀಟು ಕೈತಪ್ಪಿ ಹೊರದೇಶದ ದಾರಿ ಹಿಡಿಯುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಮೊದಲು ವಿಶ್ವವಿದ್ಯಾಲಯ ಹುಡುಕುತ್ತಾರೆ. ಆಮೇಲೆ ಶುಲ್ಕ ಹೊಂದಿಸುತ್ತಾರೆ, ವೀಸಾ ಮಾಡಿಸುತ್ತಾರೆ, ಓದು ಮುಗಿಸುತ್ತಾರೆ. ಎಲ್ಲ ಆದ ಮೇಲೆ ‘ಈ ಡಿಗ್ರಿಗೆ ಎಲ್ಲಿ ನೋಂದಣಿ ಸಿಗುತ್ತದೆ?’ ಎಂದು ವಿಚಾರಿಸುತ್ತಾರೆ. ಎಲ್ಲಕ್ಕಿಂತ ಮೊದಲು ಕೇಳಬೇಕಿದ್ದ ಪ್ರಶ್ನೆ ಅದು.

ಹಾಗಾಗಿ ಇಲ್ಲಿ ಕೊನೆಯ ಪ್ರಶ್ನೆಯೇ ಮೊದಲ ಹಂತ, ಉಳಿದವು ಅದರ ಹಿಂದೆ ಬರುತ್ತವೆ. ಕ್ರಮ ತಪ್ಪಿಸಬೇಡಿ. ತರಗತಿ ಶುರುವಾಗುವ ದಿನಕ್ಕೆ ಸುಮಾರು 18 ತಿಂಗಳು ಮೊದಲೇ ಕೆಲಸ ಆರಂಭಿಸಿದರೆ ಉಸಿರಾಡಲು ಜಾಗ ಇರುತ್ತದೆ. 12 ತಿಂಗಳಲ್ಲೂ ಆಗುತ್ತದೆ, ಆದರೆ ಒಂದು ಅಂಕಪಟ್ಟಿ ತಡವಾದರೂ ಆ ವರ್ಷ ಹೋಯಿತು ಎಂದೇ ಲೆಕ್ಕ.

ಹಂತ 1: ಕೆಲಸ ಮಾಡುವ ದೇಶ ಯಾವುದು ಎಂದು ಮೊದಲು ತೀರ್ಮಾನಿಸಿ

ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ರೋಗಿಗೆ ಚಿಕಿತ್ಸೆ ಕೊಡಲು ಅನುಮತಿ, ಅಂದರೆ ನೋಂದಣಿ, ಕೊಡುವುದು ಆಯಾ ದೇಶದ ನಿಯಂತ್ರಕ ಸಂಸ್ಥೆ. ಇವೆರಡರ ನಡುವೆ ತಾನಾಗಿ ಆಗುವ ಸಂಬಂಧ ಏನೂ ಇಲ್ಲ. ಓದಿದ ದೇಶದಲ್ಲೇ ನಿಲ್ಲುತ್ತೀರಾ, ತಾಯ್ನಾಡಿಗೆ ಮರಳುತ್ತೀರಾ, ಮೂರನೇ ದೇಶಕ್ಕೆ ಹೋಗುತ್ತೀರಾ? ಮೊದಲು ಇದಕ್ಕೆ ಉತ್ತರ ಬರೆದಿಡಿ. ‘ಆಮೇಲೆ ನೋಡೋಣ’ ಎನ್ನುವುದೂ ಉತ್ತರವೇ, ಆದರೆ ಎಲ್ಲಕ್ಕಿಂತ ದುಬಾರಿ ಉತ್ತರ.

ಮುಖ್ಯ ನಿಯಂತ್ರಕರು ಇವರು. ಬ್ರಿಟನ್‌ನಲ್ಲಿ ಎಚ್‌ಸಿಪಿಸಿ. ಐರ್ಲೆಂಡ್‌ನಲ್ಲಿ ಕೋರು. ಆಸ್ಟ್ರೇಲಿಯಾದಲ್ಲಿ ಆಪ್ರಾ (ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆ) ಮೂಲಕ ಕೆಲಸ ಮಾಡುವ ಫಿಸಿಯೋಥೆರಪಿ ಬೋರ್ಡ್. ಅಲ್ಲಿ ಕೋರ್ಸ್‌ಗಳನ್ನು ಪರಿಶೀಲಿಸುವುದು ಆಸ್ಟ್ರೇಲಿಯನ್ ಫಿಸಿಯೋಥೆರಪಿ ಕೌನ್ಸಿಲ್. ನ್ಯೂಜಿಲೆಂಡ್‌ಗೆ ಅದರದೇ ಬೋರ್ಡ್ ಇದೆ. ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ, ಕೋರ್ಸ್‌ಗೆ ಮಾನ್ಯತೆ ಕೊಡುವುದು ಕ್ಯಾಪ್ಟಿ, ಪರೀಕ್ಷೆ ನಡೆಸುವುದು ಎಫ್‌ಎಸ್‌ಬಿಪಿಟಿ. ಕೆನಡಾದಲ್ಲಿ ಹೊರದೇಶದ ಓದನ್ನು ತೂಗಿ ನೋಡುವುದು ಸಿಎಪಿಆರ್, ನೋಂದಣಿ ಪ್ರಾಂತ್ಯದ್ದು. ಕ್ವಿಬೆಕ್‌ನದು ಬೇರೆಯೇ ದಾರಿ. ಭಾರತದಲ್ಲಿ 2021ರ ಕಾಯ್ದೆಯಡಿ ರಚನೆಯಾದ ಎನ್‌ಸಿಎಎಚ್‌ಪಿ, ಅಂದರೆ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ.

ನೀವು ಕೆಲಸ ಮಾಡಬೇಕೆಂದಿರುವ ದೇಶದ ನಿಯಂತ್ರಕರ ಜಾಲತಾಣದಲ್ಲಿ ಹೊರದೇಶದಲ್ಲಿ ಓದಿದವರಿಗಾಗಿ ಇರುವ ಪುಟ ತೆರೆಯಿರಿ. ಈ ಆರು ವಿಷಯ ಬರೆದುಕೊಳ್ಳಿ:

– ಯಾವ ಮಟ್ಟದ ಡಿಗ್ರಿ ಬೇಕು, ಕನಿಷ್ಠ ಎಷ್ಟು ವರ್ಷದ್ದು
– ಮೇಲ್ವಿಚಾರಣೆಯಲ್ಲಿ ಮಾಡಿದ ಕ್ಲಿನಿಕಲ್ ತರಬೇತಿ ಎಷ್ಟು ಗಂಟೆ
– ಆ ಗಂಟೆಗಳು ಯಾವ ವಿಭಾಗಗಳಲ್ಲಿ ಹಂಚಿಹೋಗಿರಬೇಕು
– ಭಾಷಾ ಪರೀಕ್ಷೆಯಲ್ಲಿ ಒಟ್ಟು ಎಷ್ಟು ಅಂಕ, ಪ್ರತಿ ವಿಭಾಗದಲ್ಲಿ ಎಷ್ಟು
– ನೋಂದಣಿಗೆ ಪರೀಕ್ಷೆ ಇದೆಯೇ, ಎಷ್ಟು ಸಲ ಬರೆಯಬಹುದು
– ಓದಿದ ದೇಶದಲ್ಲಿ ಮೊದಲು ನೋಂದಣಿ ಇರಲೇಬೇಕೇ

ಪುಟದಲ್ಲಿ ಉತ್ತರ ಸ್ಪಷ್ಟವಾಗಿರದಿದ್ದರೆ ಇಮೇಲ್ ಬರೆಯಿರಿ, ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಫೋನಿನಲ್ಲಿ ಸಿಕ್ಕ ಭರವಸೆಯನ್ನು ನಾಲ್ಕು ವರ್ಷದ ನಂತರ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಇಲ್ಲೊಂದು ಸಾಮಾನ್ಯ ಗೊಂದಲ ಇದೆ. ವರ್ಲ್ಡ್ ಫಿಸಿಯೋಥೆರಪಿ ಎಂಬುದು ದೇಶಗಳ ವೃತ್ತಿಸಂಘಗಳ ಒಕ್ಕೂಟ, 1951ರಲ್ಲಿ ಹುಟ್ಟಿದ್ದು. ಅದು ಯಾರಿಗೂ ಪರವಾನಗಿ ಕೊಡುವುದಿಲ್ಲ. ‘ನಮ್ಮ ಕೋರ್ಸ್‌ಗೆ ಜಾಗತಿಕ ಮನ್ನಣೆ ಇದೆ’ ಎಂಬ ಸಾಲು ಕಂಡರೆ ಯಾವ ದೇಶದ ಯಾವ ನಿಯಂತ್ರಕರು ಮನ್ನಿಸಿದ್ದಾರೆ ಎಂದು ಕೇಳಿ. ಜಾಗತಿಕ ಪರವಾನಗಿ ಎಂಬ ವಸ್ತುವೇ ಇಲ್ಲ. ಇರುವುದು ಬಿಡಿಬಿಡಿ ಒಪ್ಪಂದಗಳು. ಉದಾಹರಣೆಗೆ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ನಡುವಿನ ಪರಸ್ಪರ ಮಾನ್ಯತೆ ವ್ಯವಸ್ಥೆಯಿಂದ ಒಂದು ಕಡೆ ನೋಂದಾಯಿತರಾದವರು ಇನ್ನೊಂದು ಕಡೆ ನೋಂದಾಯಿಸಿಕೊಳ್ಳುವುದು ಸುಲಭ.

ಹಂತ 2: ಸೀಟು ತಪ್ಪಿದ್ದು ಯಾಕೆ ಎಂದು ಬಿಡಿಸಿ ನೋಡಿ

ಅರ್ಜಿ ತಿರಸ್ಕಾರವಾಗಲು ಕಾರಣ ಹಲವು, ಅವುಗಳಲ್ಲಿ ಕೆಲವು ನಿಮ್ಮ ಬೆನ್ನಿಗೇ ಹೊರದೇಶಕ್ಕೂ ಬರುತ್ತವೆ.

ಸೀಟು ಕಡಿಮೆ, ಅರ್ಜಿ ಹೆಚ್ಚು, ನಿಮ್ಮ ಅಂಕ ಕಟ್‌ಆಫ್‌ಗಿಂತ ಕೂದಲೆಳೆಯಷ್ಟು ಕೆಳಗೆ ಎಂದಾದರೆ ಹೊರದೇಶದಲ್ಲಿ ಅವಕಾಶ ಚೆನ್ನಾಗಿಯೇ ಇದೆ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಸೀಟನ್ನು ಬಹಳಷ್ಟು ಕಡೆ ಪ್ರತ್ಯೇಕವಾಗಿ ಎಣಿಸುತ್ತಾರೆ. ಆದರೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರದಂಥ ಪೂರ್ವಭಾವಿ ವಿಷಯವೇ ಅಂಕಪಟ್ಟಿಯಲ್ಲಿ ಇಲ್ಲವೆಂದರೆ ದೇಶ ಬದಲಿಸಿ ಪ್ರಯೋಜನವಿಲ್ಲ. ಪದವೀಧರರಿಗಾಗಿ ಇರುವ ಆಸ್ಟ್ರೇಲಿಯಾದ ಎಷ್ಟೋ ಮಾಸ್ಟರ್ಸ್ ಕೋರ್ಸ್‌ಗಳು ಈ ಎರಡನ್ನು ಬಿಟ್ಟು ಅರ್ಜಿ ಮುಟ್ಟುವುದೇ ಇಲ್ಲ. ಅಮೆರಿಕದ ಕಾಲೇಜುಗಳು ಇವುಗಳ ಜೊತೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಮನಃಶಾಸ್ತ್ರ ಕೇಳುವುದು ಸಾಮಾನ್ಯ. ಪ್ರಯೋಗಾಲಯ ಸಹಿತ ಇರಬೇಕು ಎನ್ನುವುದೂ ಉಂಟು. ಇಂಥ ಕೊರತೆಯನ್ನು ಒಂದು ಸೆಮಿಸ್ಟರ್‌ನಲ್ಲಿ ತುಂಬಿಕೊಳ್ಳಬಹುದು. ಆನ್‌ಲೈನ್ ಕೋರ್ಸ್ ಮಾಡುವ ಮುನ್ನ, ಅದನ್ನು ಒಪ್ಪುತ್ತೀರಾ ಎಂದು ಆ ವಿಶ್ವವಿದ್ಯಾಲಯವನ್ನೇ ಕೇಳಿ.

ಸಂದರ್ಶನದಲ್ಲಿ ಸೋತಿದ್ದರೆ ಕಾರಣ ಸಾಮಾನ್ಯವಾಗಿ ಒಂದೇ: ಫಿಸಿಯೋಥೆರಪಿಸ್ಟ್ ದಿನವಿಡೀ ಏನು ಮಾಡುತ್ತಾರೆ ಎಂದು ಅಭ್ಯರ್ಥಿಗೆ ಗೊತ್ತಿರಲಿಲ್ಲ. ಕ್ರೀಡಾ ಗಾಯ ಬಿಟ್ಟು ಬೇರೇನೂ ಹೇಳಲಾಗಲಿಲ್ಲ. ಪಾರ್ಶ್ವವಾಯು ವಾರ್ಡು, ತೀವ್ರ ನಿಗಾ ಘಟಕದಲ್ಲಿ ಕಫ ತೆಗೆಸುವ ಕೆಲಸ, ಮಕ್ಕಳ ವಿಭಾಗ, ವೃದ್ಧರ ಆರೈಕೆ ಇವುಗಳಲ್ಲಿ ಎರಡನ್ನಾದರೂ ಕಣ್ಣಾರೆ ನೋಡಿ ಬನ್ನಿ. ಹೋದ ದಿನಾಂಕ, ಗಂಟೆ, ಮೇಲ್ವಿಚಾರಕರ ಸಹಿ ಇರುವ ಹಾಳೆ ಮಾಡಿಸಿಕೊಳ್ಳಿ. ಅಮೆರಿಕದ ಅರ್ಜಿಗಳಲ್ಲಿ ಈ ವೀಕ್ಷಣಾ ಗಂಟೆಗಳಿಗೆ ಪ್ರತ್ಯೇಕ ಕಾಲಮ್ಮೇ ಇದೆ.

ಹಂತ 3: ಯಾವ ದೇಶದಲ್ಲಿ ಎಂಥ ಕೋರ್ಸ್ ಎಂದು ತಿಳಿದುಕೊಳ್ಳಿ

ಬ್ರಿಟನ್: ಪದವಿ ಮೂರು ವರ್ಷ, ಸ್ಕಾಟ್ಲೆಂಡ್‌ನಲ್ಲಿ ಸಾಮಾನ್ಯವಾಗಿ ನಾಲ್ಕು. ಬೇರೆ ಪದವಿ ಇರುವವರಿಗೆ ಸುಮಾರು ಎರಡು ವರ್ಷದ ಪ್ರಿ-ರಿಜಿಸ್ಟ್ರೇಷನ್ (ನೋಂದಣಿಗೆ ಅರ್ಹತೆ ಕೊಡುವ) ಎಂಎಸ್‌ಸಿ.

ಐರ್ಲೆಂಡ್: ಪದವಿ ನಾಲ್ಕು ವರ್ಷ. ಪದವೀಧರರಿಗೆ ಎರಡು ವರ್ಷದ ಎಂಎಸ್‌ಸಿ ಇದೆ, ಸೀಟು ಕಡಿಮೆ.

ಆಸ್ಟ್ರೇಲಿಯಾ: ಪದವಿ ನಾಲ್ಕು ವರ್ಷ, ಪದವೀಧರರಿಗೆ ಎರಡು ವರ್ಷದ ಮಾಸ್ಟರ್ಸ್. ಮೆಲ್ಬರ್ನ್ ವಿಶ್ವವಿದ್ಯಾಲಯದಂಥ ಕಡೆ ಮೂರು ವರ್ಷದ ಡಾಕ್ಟರ್ ಆಫ್ ಫಿಸಿಯೋಥೆರಪಿ.

ಅಮೆರಿಕ: ಹೊಸದಾಗಿ ವೃತ್ತಿಗೆ ಬರುವವರಿಗೆ ಇರುವುದು ಡಿಪಿಟಿ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ) ಮಾತ್ರ, ಪದವಿಯ ಮೇಲೆ ಸಾಮಾನ್ಯವಾಗಿ ಮೂರು ವರ್ಷ. ಎಲ್ಲಕ್ಕಿಂತ ದುಬಾರಿ.

ಕೆನಡಾ: ಪ್ರವೇಶ ಮಾಸ್ಟರ್ಸ್ ಮಟ್ಟದಲ್ಲಿ. ಹೆಚ್ಚಿನ ಸೀಟು ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ. ಹೊರಗಿನವರು ಇದನ್ನು ನೆಚ್ಚಿಕೊಂಡು ಕೂರುವುದು ಬೇಡ.

ಜರ್ಮನಿ: ಇಲ್ಲಿನ ಮುಖ್ಯ ದಾರಿ ಮೂರು ವರ್ಷದ ವೃತ್ತಿಶಾಲೆ. ಕಾನೂನಿನ ಪ್ರಕಾರ 2,900 ಗಂಟೆ ಪಾಠ, 1,600 ಗಂಟೆ ರೋಗಿಗಳೊಂದಿಗೆ ತರಬೇತಿ, ಕೊನೆಗೆ ಸರ್ಕಾರಿ ಪರೀಕ್ಷೆ. ತರಬೇತಿ ಗಟ್ಟಿಯಾದದ್ದೇ. ಆದರೆ ಕೈಗೆ ಬರುವುದು ವಿಶ್ವವಿದ್ಯಾಲಯದ ಪದವಿ ಅಲ್ಲ. ಪದವಿ ಕಡ್ಡಾಯ ಎನ್ನುವ ದೇಶದಲ್ಲಿ ಅದು ನಡೆಯುವುದಿಲ್ಲ.

ನೆದರ್ಲೆಂಡ್ಸ್‌ನಲ್ಲಿ ಇಂಗ್ಲಿಷ್ ಮಾಧ್ಯಮದ ಪದವಿಗಳಿವೆ. ಪಾಠ ಇಂಗ್ಲಿಷಿನಲ್ಲಿ, ರೋಗಿ ಮಾತಾಡುವುದು ಡಚ್‌ನಲ್ಲಿ! ಇಂಗ್ಲಿಷೇತರ ಯಾವ ದೇಶದಲ್ಲಾದರೂ ಕ್ಲಿನಿಕಲ್ ತರಬೇತಿ ಯಾವ ಭಾಷೆಯಲ್ಲಿ, ಅದಕ್ಕೆ ಯಾವ ವರ್ಷದೊಳಗೆ ಯಾವ ಮಟ್ಟ ಮುಟ್ಟಬೇಕು ಎಂದು ಕೇಳದೆ ಹೆಜ್ಜೆ ಇಡಬೇಡಿ.

ಬ್ರಿಟನ್‌ನ ಮೂರು ವರ್ಷದ ಪದವಿ ಬ್ರಿಟನ್‌ನಲ್ಲಿ ಪೂರ್ತಿ ಸಾಕು. ಅದನ್ನೇ ಹಿಡಿದು ಅಮೆರಿಕಕ್ಕೆ ಹೋದರೆ ಡಿಪಿಟಿ ಮಟ್ಟಕ್ಕೆ ಸರಿಸಾಟಿಯೇ ಎಂದು ಕ್ರೆಡಿಟ್ ಕ್ರೆಡಿಟ್ ಆಗಿ ಅಳೆಯುತ್ತಾರೆ. ಸಾಮಾನ್ಯ ಶಿಕ್ಷಣದ ವಿಷಯಗಳನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಕೊರತೆ ಬೀಳುವುದು ಅಪರೂಪವಲ್ಲ. ಕಡಿಮೆ ವರ್ಷ, ಕಡಿಮೆ ಖರ್ಚು ಎಂದು ಹಿಗ್ಗುವ ಮುನ್ನ ಹಂತ 1ರ ಹಾಳೆ ಎದುರಿಗಿಟ್ಟುಕೊಳ್ಳಿ.

ಹಂತ 4: ಕೋರ್ಸ್‌ನ ಹೆಸರು ಮತ್ತು ಮಾನ್ಯತೆ ಎರಡನ್ನೂ ತಾಳೆ ನೋಡಿ

ಇಡೀ ದುಡ್ಡು ನೀರಲ್ಲಿ ಹೋಮವಾಗುವುದು ಈ ಹಂತದಲ್ಲಿ, ಆದ್ದರಿಂದ ಇಲ್ಲಿ ಅವಸರ ಬೇಡ.

ಕೋರ್ಸ್ ಹೆಸರಿನಲ್ಲಿ ಫಿಸಿಯೋಥೆರಪಿ ಎಂದಿದ್ದ ಮಾತ್ರಕ್ಕೆ ಅದು ನಿಮ್ಮನ್ನು ಫಿಸಿಯೋಥೆರಪಿಸ್ಟ್ ಮಾಡುವುದಿಲ್ಲ. ಎಂಎಸ್‌ಸಿ ಅಡ್ವಾನ್ಸ್ಡ್ ಫಿಸಿಯೋಥೆರಪಿ, ಎಂಎಸ್‌ಸಿ ಸ್ಪೋರ್ಟ್ಸ್ ಫಿಸಿಯೋಥೆರಪಿ, ಮಸ್ಕ್ಯುಲೋಸ್ಕೆಲಿಟಲ್ ಫಿಸಿಯೋಥೆರಪಿ ಮುಂತಾದವು ಸಾಮಾನ್ಯವಾಗಿ ಈಗಾಗಲೇ ಫಿಸಿಯೋಥೆರಪಿ ಓದಿದವರಿಗಾಗಿ ಇರುವ ಉನ್ನತ ವ್ಯಾಸಂಗ. ಬೇರೆ ಪದವಿಯವರು ಹೇಗೋ ಸೇರಿಕೊಂಡರೂ ಮುಗಿದ ಮೇಲೆ ನೋಂದಣಿ ಸಿಗದು. ನಿಮಗೆ ಬೇಕಾದ ಕೋರ್ಸ್‌ನ ವಿವರಣೆಯಲ್ಲಿ ಪ್ರಿ-ರಿಜಿಸ್ಟ್ರೇಷನ್, ಎಂಟ್ರಿ-ಲೆವೆಲ್ ಅಥವಾ ಗ್ರಾಜುಯೇಟ್-ಎಂಟ್ರಿ ಎಂಬ ಪದಗಳಲ್ಲಿ ಒಂದು ಇರುತ್ತದೆ.

ಇನ್ನು ಪಕ್ಕದ ಮನೆಯ ಕೋರ್ಸ್‌ಗಳು: ಸ್ಪೋರ್ಟ್ಸ್ ಥೆರಪಿ, ಸ್ಪೋರ್ಟ್ಸ್ ರಿಹ್ಯಾಬಿಲಿಟೇಷನ್, ಎಕ್ಸರ್‌ಸೈಸ್ ಸೈನ್ಸ್, ಕೈನೀಸಿಯಾಲಜಿ, ಫಿಸಿಯೋಥೆರಪಿ ಅಸಿಸ್ಟೆಂಟ್. ಇವು ತಮ್ಮ ತಮ್ಮ ಜಾಗದಲ್ಲಿ ಸರಿಯಾದವೇ, ಆದರೆ ಫಿಸಿಯೋಥೆರಪಿಸ್ಟ್ ನೋಂದಣಿಗೆ ಅಲ್ಲ. ‘ಇದಕ್ಕೆ ಸೇರಿ, ಎರಡನೇ ವರ್ಷದಲ್ಲಿ ಫಿಸಿಯೋಗೆ ಬದಲಾಯಿಸಿಕೊಳ್ಳಬಹುದು’ ಎಂದು ಯಾರಾದರೂ ಹೇಳಿದರೆ ಆ ಬದಲಾವಣೆಯ ಲಿಖಿತ ನಿಯಮ ತೋರಿಸಿ ಎನ್ನಿ. ಇದ್ದರೂ ಅದು ಬಹುಮಟ್ಟಿಗೆ ಒಂದೆರಡು ಸೀಟಿನ ಪೈಪೋಟಿ.

ಮಾನ್ಯತೆ ನೋಡುವುದು ಹೀಗೆ:

1. ವಿಶ್ವವಿದ್ಯಾಲಯದ ಪುಟ ಮುಚ್ಚಿ. ನಿಯಂತ್ರಕರ ಅಥವಾ ಮಾನ್ಯತಾ ಸಂಸ್ಥೆಯ ಅನುಮೋದಿತ ಕೋರ್ಸ್‌ಗಳ ಪಟ್ಟಿ ತೆರೆಯಿರಿ.
2. ಪಟ್ಟಿಯಲ್ಲಿ ಕೋರ್ಸ್‌ನ ಪೂರ್ತಿ ಹೆಸರು ಅಕ್ಷರಶಃ ಹೊಂದುತ್ತದೆಯೇ ನೋಡಿ. ಒಂದೇ ವಿಶ್ವವಿದ್ಯಾಲಯದ ಬಿಎಸ್‌ಸಿಗೆ ಅನುಮೋದನೆ ಇದ್ದು ಹೊಸ ಎಂಎಸ್‌ಸಿಗೆ ಇನ್ನೂ ಬಂದಿಲ್ಲದೆ ಇರಬಹುದು.
3. ಕ್ಯಾಂಪಸ್ ನೋಡಿ. ಮುಖ್ಯ ಕ್ಯಾಂಪಸ್‌ನ ಮಾನ್ಯತೆ ಇನ್ನೊಂದು ಊರಿನ ಅಥವಾ ಇನ್ನೊಂದು ದೇಶದ ಶಾಖೆಗೆ ತಾನಾಗಿ ಹೋಗುವುದಿಲ್ಲ.
4. ಸ್ಥಿತಿ ನೋಡಿ. ಅಮೆರಿಕದಲ್ಲಿ ‘ಕ್ಯಾಂಡಿಡೇಟ್ ಫಾರ್ ಅಕ್ರೆಡಿಟೇಷನ್’ ಎಂದಿದ್ದರೆ ಮಾನ್ಯತೆ ಇನ್ನೂ ಬಂದಿಲ್ಲ, ಬರುವ ಹಾದಿಯಲ್ಲಿದೆ ಎಂದರ್ಥ. ಷರತ್ತಿನ ಮಾನ್ಯತೆ ಎಂದಿದ್ದರೆ ಷರತ್ತು ಏನೆಂದು ಓದಿ.
5. ಆ ಪುಟವನ್ನು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿ ಉಳಿಸಿ.

ಆಮೇಲೆ ಗಂಟೆಗಳ ಲೆಕ್ಕ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ಬ್ರಿಟನ್‌ನ ವೃತ್ತಿಸಂಘ ಪದವಿಗೆ ನಿಗದಿ ಮಾಡಿರುವ ಕ್ಲಿನಿಕಲ್ ತರಬೇತಿ ಕನಿಷ್ಠ 1,000 ಗಂಟೆ, ಐರ್ಲೆಂಡ್‌ನಲ್ಲೂ 1,000. ಕೆನಡಾದ ಸಿಎಪಿಆರ್ ಕೇಳುವುದು 1,025. ಅಂದರೆ ಬ್ರಿಟನ್‌ನಲ್ಲಿ ಕನಿಷ್ಠ ಗಂಟೆ ಮುಗಿಸಿ ಒಳ್ಳೆಯ ಅಂಕದಲ್ಲಿ ಪಾಸಾದವರಿಗೂ ಕೆನಡಾದಲ್ಲಿ 25 ಗಂಟೆ ಕಡಿಮೆ ಬೀಳಬಹುದು. ಮೂರು-ನಾಲ್ಕು ದಿನದ ಕೆಲಸ ಅಷ್ಟೆ. ಓದುತ್ತಿರುವಾಗ ಅದನ್ನು ಸೇರಿಸಿಕೊಳ್ಳುವುದು ಸುಲಭ, ಮುಗಿದ ಮೇಲೆ ಸೇರಿಸುವುದು ಹೆಚ್ಚುಕಡಿಮೆ ಅಸಾಧ್ಯ. ಪ್ರವೇಶ ವಿಭಾಗಕ್ಕೆ ಬರೆದು ‘ಕಳೆದ ಬ್ಯಾಚಿನವರು ನಿಜವಾಗಿ ಎಷ್ಟು ಗಂಟೆ ಮುಗಿಸಿದರು?’ ಎಂದು ಕೇಳಿ. ಕೈಪಿಡಿಯಲ್ಲಿನ ಸಂಖ್ಯೆಗಿಂತ ಈ ಸಂಖ್ಯೆ ಮುಖ್ಯ.

ಹಂತ 5: ದಾಖಲೆಗಳ ಕಡತ ಕಟ್ಟಿ

ಅಂಕಪಟ್ಟಿಗಳ ಅಧಿಕೃತ ಪ್ರತಿ, ಪದವಿ ಪ್ರಮಾಣಪತ್ರ, ಓದಿದ ಪ್ರತಿ ವಿಷಯದ ಪಠ್ಯಕ್ರಮ, ಪಾಸ್‌ಪೋರ್ಟ್, ಎರಡು ಶಿಫಾರಸು ಪತ್ರ, ವೀಕ್ಷಣಾ ಗಂಟೆಗಳ ಹಾಳೆ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ. ಪಠ್ಯಕ್ರಮ ಎಂದರೆ ವಿಷಯದ ಹೆಸರಿನ ಪಟ್ಟಿ ಅಲ್ಲ. ಪ್ರತಿ ಘಟಕ, ಪಾಠದ ಗಂಟೆ, ಪ್ರಯೋಗಾಲಯದ ಗಂಟೆ ಎಲ್ಲ ಇರುವ, ಕಾಲೇಜಿನ ಮೊಹರಿರುವ ಪ್ರತಿ ಬೇಕು. ‘ಅನಾಟಮಿ’ ಎಂಬ ಒಂದೇ ಪದ ನೋಡಿ ಪೂರ್ವಭಾವಿ ವಿಷಯ ಪೂರೈಸಿದೆ ಎಂದು ಯಾರೂ ಒಪ್ಪುವುದಿಲ್ಲ.

ಹೆಸರು ಎಲ್ಲ ಕಡೆ ಒಂದೇ ರೀತಿ ಇರಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಹಿಂದೆ ಎಂದಿದ್ದರೆ ಈಗಲೇ ಪ್ರಮಾಣಪತ್ರ ಮಾಡಿಸಿ ಸರಿಪಡಿಸಿ. ಇದು ವೀಸಾದಲ್ಲೂ ಕಾಡುತ್ತದೆ, ನೋಂದಣಿಯಲ್ಲೂ ಕಾಡುತ್ತದೆ.

ಇಂಗ್ಲಿಷ್ ಪರೀಕ್ಷೆಯಲ್ಲಿ ಸರಾಸರಿಗಿಂತ ವಿಭಾಗವಾರು ಅಂಕ ಹೆಚ್ಚು ಜನರನ್ನು ಬೀಳಿಸುತ್ತದೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಟ್ಟು 7.5 ಬಂದು ಬರವಣಿಗೆಯಲ್ಲಿ 6 ಆದರೆ ಬಹಳ ಕಡೆ ಬಾಗಿಲು ಮುಚ್ಚಿತು. ಹೊರದೇಶದಲ್ಲಿ ಓದಿದ ಫಿಸಿಯೋಥೆರಪಿಸ್ಟ್‌ಗಳಿಂದ ಬ್ರಿಟನ್‌ನ ಎಚ್‌ಸಿಪಿಸಿ ಐಇಎಲ್‌ಟಿಎಸ್‌ನಲ್ಲಿ ಕೇಳುತ್ತಾ ಬಂದಿರುವುದು ಒಟ್ಟು 7, ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ಇದರಿಂದ ಮಟ್ಟದ ಅಂದಾಜು ಸಿಗುತ್ತದೆ. ಐಇಎಲ್‌ಟಿಎಸ್ ಅಕಾಡೆಮಿಕ್ ಮಾದರಿಯನ್ನೇ ಬರೆಯಿರಿ, ಜನರಲ್ ಅಲ್ಲ. ಫಲಿತಾಂಶಕ್ಕೆ ಎರಡು ವರ್ಷ ಆಯುಷ್ಯ. ತೀರಾ ಮೊದಲೇ ಬರೆದರೆ ವೀಸಾ ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಹಂತ 6: ಅರ್ಜಿ ಮತ್ತು ಸಂದರ್ಶನ

ಬ್ರಿಟನ್‌ನ ಪದವಿಗೆ ಯುಕಾಸ್ ಎಂಬ ಕೇಂದ್ರೀಕೃತ ಅರ್ಜಿ ವ್ಯವಸ್ಥೆಯ ಮೂಲಕ ಐದು ಆಯ್ಕೆ. ಸಮಾನ ಪರಿಗಣನೆಯ ಗಡುವು, ಅಂದರೆ ಅದರೊಳಗೆ ಬಂದ ಅರ್ಜಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವ ದಿನ, ಜನವರಿಯಲ್ಲಿ. 2026ರ ಪ್ರವೇಶದಿಂದ ಅಲ್ಲಿನ ಪರ್ಸನಲ್ ಸ್ಟೇಟ್‌ಮೆಂಟ್ ಮೂರು ಪ್ರಶ್ನೆಗಳಾಗಿ ಒಡೆದಿದೆ, ಒಟ್ಟು ಮಿತಿ 4,000 ಅಕ್ಷರ. ಹಳೆಯ ಮಾದರಿ ನೋಡಿ ಒಂದೇ ಪ್ರಬಂಧ ಬರೆದಿಟ್ಟುಕೊಂಡವರು ಮತ್ತೆ ಬರೆಯಬೇಕು. ಪ್ರಿ-ರಿಜಿಸ್ಟ್ರೇಷನ್ ಎಂಎಸ್‌ಸಿಗೆ ಹೆಚ್ಚಾಗಿ ನೇರ ವಿಶ್ವವಿದ್ಯಾಲಯಕ್ಕೇ ಅರ್ಜಿ, ಸೀಟು ತುಂಬಿದ ಕೂಡಲೇ ಮುಚ್ಚುತ್ತಾರೆ. ಅಮೆರಿಕದಲ್ಲಿ ಬಹುಪಾಲು ಕಾಲೇಜುಗಳಿಗೆ ಪಿಟಿಕ್ಯಾಸ್ ಎಂಬ ಒಂದೇ ಅರ್ಜಿ ವ್ಯವಸ್ಥೆ; ಜೂನ್ ಹೊತ್ತಿಗೆ ತೆರೆಯುತ್ತದೆ. ಬಂದ ಅರ್ಜಿಯನ್ನು ಬಂದ ಹಾಗೆ ನೋಡುವ ಕಾಲೇಜುಗಳಲ್ಲಿ ಗಡುವಿನ ದಿನ ಹಾಕಿದ ಅರ್ಜಿ ತಡವಾದ ಅರ್ಜಿಯೇ. ಆಸ್ಟ್ರೇಲಿಯಾದಲ್ಲಿ ವರ್ಷ ಆರಂಭವಾಗುವುದು ಸಾಮಾನ್ಯವಾಗಿ ಜನವರಿ–ಮಾರ್ಚ್ ನಡುವೆ. ಇದರಿಂದ ಒಂದು ಅನುಕೂಲ ಇದೆ: ಸೆಪ್ಟೆಂಬರ್ ತಪ್ಪಿದವರಿಗೆ ಇಡೀ ವರ್ಷ ವ್ಯರ್ಥವಾಗುವುದಿಲ್ಲ.

ಪ್ರಬಂಧದಲ್ಲಿ ‘ನನ್ನ ದೇಶದಲ್ಲಿ ಸೀಟು ಸಿಗಲಿಲ್ಲ, ಹಾಗಾಗಿ ಇಲ್ಲಿಗೆ’ ಎಂದು ಬರೆಯಬೇಡಿ. ಸುಳ್ಳನ್ನೂ ಬರೆಯಬೇಡಿ. ಹಿಂದಿನ ಅರ್ಜಿ ಬಗ್ಗೆ ಕೇಳಿದರೆ ಎರಡು ವಾಕ್ಯ ಸಾಕು: ಏನು ಕೊರತೆ ಇತ್ತು, ಆಮೇಲೆ ಅದಕ್ಕೆ ಏನು ಮಾಡಿದಿರಿ.

ಸಂದರ್ಶನ ಹಲವು ಕಡೆ ಎಂಎಂಐ ಮಾದರಿಯಲ್ಲಿರುತ್ತದೆ, ಅಂದರೆ ಐದಾರು ನಿಮಿಷದ ಸಣ್ಣ ಸಣ್ಣ ಸುತ್ತು. ‘ವೃದ್ಧ ರೋಗಿ ಎದ್ದು ನಡೆಯಲು ಒಪ್ಪುತ್ತಿಲ್ಲ, ಏನು ಮಾಡುತ್ತೀರಿ?’ ಎಂಬಂಥ ಪ್ರಶ್ನೆ. ವ್ಯಾಯಾಮದ ಪಟ್ಟಿ ಒಪ್ಪಿಸುವವರಿಗೆ ಅಂಕ ಬರುವುದಿಲ್ಲ. ಯಾಕೆ ಒಪ್ಪುತ್ತಿಲ್ಲ ಎಂದು ಮೊದಲು ರೋಗಿಯನ್ನೇ ಕೇಳುತ್ತೇನೆ, ನೋವೋ ಬೀಳುವ ಭಯವೋ ತಿಳಿಯುತ್ತೇನೆ, ಒಪ್ಪಿಗೆ ಇಲ್ಲದೆ ಮುಟ್ಟುವುದಿಲ್ಲ, ನರ್ಸ್‌ಗೆ ತಿಳಿಸುತ್ತೇನೆ ಎನ್ನುವವರು ಮುಂದೆ ಹೋಗುತ್ತಾರೆ.

ಹಂತ 7: ದುಡ್ಡು ಕಟ್ಟುವ ಮುನ್ನ ನಿಂತು ನೋಡಿ

ಇವುಗಳಲ್ಲಿ ಒಂದು ಕಂಡರೂ ಠೇವಣಿ ಕಟ್ಟಬೇಡಿ:

– ‘ಸೀಟು ಗ್ಯಾರಂಟಿ, ಸಂದರ್ಶನವಿಲ್ಲ, ಪೂರ್ವಭಾವಿ ವಿಷಯ ಬೇಡ’
– ವಿಶ್ವವಿದ್ಯಾಲಯದ ಖಾತೆ ಬಿಟ್ಟು ಏಜೆಂಟರ ಅಥವಾ ವ್ಯಕ್ತಿಯ ಖಾತೆಗೆ ಹಣ ಹಾಕಲು ಹೇಳುವುದು
– ಕ್ಲಿನಿಕಲ್ ತರಬೇತಿ ಯಾವ ಆಸ್ಪತ್ರೆಗಳಲ್ಲಿ ಎಂದರೆ ಉತ್ತರ ತೇಲಿಸುವುದು, ಅಥವಾ ‘ಅದನ್ನು ನೀವೇ ಹುಡುಕಿಕೊಳ್ಳಬೇಕು’ ಎನ್ನುವುದು
– ಮೂರೂವರೆ-ನಾಲ್ಕು ವರ್ಷದ ಪದವಿಯನ್ನು ಬಹುಪಾಲು ಆನ್‌ಲೈನ್‌ನಲ್ಲಿ ಮುಗಿಸುವ ಆಮಿಷ
– ಮಧ್ಯದಲ್ಲಿ ತಾಯ್ನಾಡಿನ ಕಾಲೇಜಿಗೆ ವರ್ಗಾವಣೆ ಸಿಗುತ್ತದೆ ಎಂಬ ಮಾತು

ಏಜೆಂಟರಿಗೆ ಕಮಿಷನ್ ಬರುವುದು ಹೆಚ್ಚಾಗಿ ವಿಶ್ವವಿದ್ಯಾಲಯದಿಂದ. ಅವರು ತೋರಿಸುವ ಪಟ್ಟಿ ಅವರ ಒಪ್ಪಂದದ ಪಟ್ಟಿ, ನಿಮಗೆ ಹೊಂದುವ ಪಟ್ಟಿ ಅಲ್ಲ. ಅರ್ಜಿ ತುಂಬಲು ಅವರ ನೆರವು ಪಡೆಯುವುದರಲ್ಲಿ ತಪ್ಪಿಲ್ಲ. ಮಾನ್ಯತೆ ನೋಡುವ ಕೆಲಸ ಮಾತ್ರ ಅವರಿಗೆ ಬಿಡಬೇಡಿ.

ಖರ್ಚಿನ ಲೆಕ್ಕದಲ್ಲಿ ಬೋಧನಾ ಶುಲ್ಕದ ಮುಂದೆ ಪ್ರತಿ ವರ್ಷದ ಏರಿಕೆ ಸೇರಿಸಿ. ಆಮೇಲೆ ಜನ ಮರೆಯುವ ಬಾಬ್ತುಗಳು: ತರಬೇತಿಯ ಊರಿಗೆ ಓಡಾಟ, ಅಲ್ಲಿ ಕೆಲ ವಾರದ ಮಟ್ಟಿಗೆ ಎರಡನೇ ಬಾಡಿಗೆ, ಸಮವಸ್ತ್ರ, ಲಸಿಕೆ, ಪೊಲೀಸ್ ಪರಿಶೀಲನೆ, ಆರೋಗ್ಯ ವಿಮೆ, ಕೊನೆಗೆ ನೋಂದಣಿ ಮತ್ತು ಪರೀಕ್ಷಾ ಶುಲ್ಕ. ಪಾರ್ಟ್‌ಟೈಮ್ ದುಡಿದು ತುಂಬಿಕೊಳ್ಳುತ್ತೇನೆ ಎಂಬ ಲೆಕ್ಕ ಈ ಕೋರ್ಸ್‌ನಲ್ಲಿ ಬುಡಮೇಲಾಗುತ್ತದೆ. ಕಾನೂನು ಬ್ರಿಟನ್‌ನಲ್ಲಿ ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ, ಆಸ್ಟ್ರೇಲಿಯಾದಲ್ಲಿ ಹದಿನೈದು ದಿನಕ್ಕೆ 48 ಗಂಟೆ ಕೊಟ್ಟರೂ, ಆಸ್ಪತ್ರೆ ತರಬೇತಿಯ ವಾರಗಳಲ್ಲಿ ನೀವು ಪೂರ್ಣಾವಧಿ ನೌಕರನಷ್ಟೇ ಹೊತ್ತು ವಾರ್ಡಿನಲ್ಲಿರುತ್ತೀರಿ, ಸಂಬಳವಿಲ್ಲದೆ. ಆ ವಾರಗಳ ಆದಾಯ ಸೊನ್ನೆ ಎಂದು ಬರೆದುಕೊಳ್ಳಿ.

ಹಂತ 8: ವೀಸಾ

ವೀಸಾಕ್ಕೆ ಮೊದಲು ವಿಶ್ವವಿದ್ಯಾಲಯ ಕೊಡುವ ಪ್ರವೇಶದ ದಾಖಲೆ ಬೇಕು: ಬ್ರಿಟನ್‌ಗೆ ಸಿಎಎಸ್ ಸಂಖ್ಯೆ, ಅಮೆರಿಕಕ್ಕೆ ಐ-20, ಆಸ್ಟ್ರೇಲಿಯಾಕ್ಕೆ ಕೋರ್ಸಿಗೆ ಸೇರಿದ ದೃಢೀಕರಣ ಪತ್ರ, ಜೊತೆಗೆ ಆರೋಗ್ಯ ವಿಮೆ. ಬ್ರಿಟನ್‌ನಲ್ಲಿ ತೋರಿಸುವ ಹಣ ಸತತ 28 ದಿನ ಖಾತೆಯಲ್ಲಿ ಕದಲದೆ ಇರಬೇಕು. ಒಂದು ದಿನ ಮಿತಿಗಿಂತ ಕೆಳಗಿಳಿದರೂ ಎಣಿಕೆ ಮೊದಲಿನಿಂದ ಶುರು. ಆಸ್ಟ್ರೇಲಿಯಾ 2024ರಿಂದ ‘ಜೆನ್ಯುಯಿನ್ ಸ್ಟೂಡೆಂಟ್’ ಪ್ರಶ್ನೆಗಳನ್ನು ಕೇಳುತ್ತಿದೆ. ಓದಿನ ನಡುವಿನ ಖಾಲಿ ವರ್ಷಕ್ಕೆ ಅಲ್ಲಿ ದಾಖಲೆ ಸಹಿತ ಉತ್ತರ ಬೇಕು. ಸೀಟಿಗಾಗಿ ಮರುಪ್ರಯತ್ನ ಮಾಡಿದ ವರ್ಷವಾದರೆ ಆ ಪರೀಕ್ಷೆಯ ಹಾಜರಾತಿ ಚೀಟಿಯೂ ದಾಖಲೆಯೇ, ಬಿಸಾಡಬೇಡಿ.

ಓದಿನ ನಂತರದ ಕೆಲಸದ ವೀಸಾವನ್ನು ಲೆಕ್ಕದ ಆಧಾರಸ್ತಂಭ ಮಾಡಿಕೊಳ್ಳಬಾರದು, ಯಾಕೆಂದರೆ ನಾಲ್ಕು ವರ್ಷದಲ್ಲಿ ನಿಯಮ ಬದಲಾಗಿರುತ್ತದೆ. ಆಸ್ಟ್ರೇಲಿಯಾ 2024ರ ಜುಲೈನಲ್ಲಿ ಪದವೀಧರ ವೀಸಾದ ವಯೋಮಿತಿಯನ್ನು ಹೆಚ್ಚಿನವರಿಗೆ 50ರಿಂದ 35ಕ್ಕೆ ಇಳಿಸಿತು. ಎರಡನೇ ವೃತ್ತಿಯಾಗಿ ಫಿಸಿಯೋ ಓದಲು ಹೊರಟ 33ರ ಹರೆಯದವರಿಗೆ ಇದು ಸಣ್ಣ ಸಂಗತಿಯಲ್ಲ. ಬ್ರಿಟನ್‌ನಲ್ಲಿ ಪಾಠಪ್ರಧಾನ ಮಾಸ್ಟರ್ಸ್ ಓದುವವರು 2024ರಿಂದ ಕುಟುಂಬವನ್ನು ಅವಲಂಬಿತರ ವೀಸಾದಲ್ಲಿ ಕರೆದೊಯ್ಯುವಂತಿಲ್ಲ.

ಹಂತ 9: ವಾರ್ಡಿಗೆ ಕಾಲಿಡುವ ಅರ್ಹತೆ

ಸೀಟು, ವೀಸಾ ಎಲ್ಲ ಸಿಕ್ಕಿ ಮೊದಲ ಆಸ್ಪತ್ರೆ ತರಬೇತಿ ತಪ್ಪಿಸಿಕೊಳ್ಳುವವರಿದ್ದಾರೆ. ಕಾರಣ, ಹೆಪಟೈಟಿಸ್-ಬಿ ಲಸಿಕೆ. ಅದರ ಸಾಮಾನ್ಯ ಕ್ರಮ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂಬ ಪರೀಕ್ಷೆ. 10 mIU/mLಗಿಂತ ಕಡಿಮೆ ಇದ್ದರೆ ಮತ್ತೆ ಡೋಸ್. ಅಂದರೆ ಪೂರ್ತಿ ಎಂಟು ತಿಂಗಳು. ಸೀಟು ಸಿಗಲಿ ಎಂದು ಕಾಯದೆ, ಅರ್ಜಿ ಹಾಕುವಾಗಲೇ ಮೊದಲ ಡೋಸ್ ಹಾಕಿಸಿಕೊಳ್ಳಿ.

ದಡಾರ-ಮಂಗನಬಾವು-ರುಬೆಲ್ಲಾ ಎರಡು ಡೋಸ್, ಸೀತಾಳೆ ಸಿಡುಬಿನ ರೋಗನಿರೋಧಕತೆಗೆ ಪುರಾವೆ, ಕ್ಷಯ ತಪಾಸಣೆ, ಜೀವರಕ್ಷಕ ಪ್ರಥಮ ಚಿಕಿತ್ಸೆ ಪ್ರಮಾಣಪತ್ರ, ತಾಯ್ನಾಡಿನ ಪೊಲೀಸ್ ಪ್ರಮಾಣಪತ್ರ ಇವೂ ಸಾಮಾನ್ಯವಾಗಿ ಪಟ್ಟಿಯಲ್ಲಿರುತ್ತವೆ. ಬಾಲ್ಯದ ಲಸಿಕೆ ಕಾರ್ಡು ಕಳೆದಿದ್ದರೆ ರಕ್ತಪರೀಕ್ಷೆಯಿಂದ ನಿರೋಧಕತೆ ತೋರಿಸಬಹುದು. ಬೆನ್ನುನೋವು, ಅಪಸ್ಮಾರ, ಮಾನಸಿಕ ಆರೋಗ್ಯದ ತೊಂದರೆ ಇದ್ದರೆ ಆರೋಗ್ಯ ತಪಾಸಣೆಯಲ್ಲಿ ಹೇಳಿ. ಹೇಳಿದರೆ ಹೊಂದಾಣಿಕೆ ಮಾಡಿಕೊಡುತ್ತಾರೆ, ಮುಚ್ಚಿಟ್ಟದ್ದು ಗೊತ್ತಾದರೆ ವೃತ್ತಿನಿಷ್ಠೆಯ ಪ್ರಶ್ನೆಯಾಗುತ್ತದೆ.

ಹಂತ 10: ಓದುತ್ತಿರುವಾಗಲೇ ಗಂಟೆಗಳ ಲೆಕ್ಕ ಇಡಿ

ಮೊದಲ ದಿನದಿಂದ ಒಂದು ಸ್ಪ್ರೆಡ್‌ಶೀಟ್ ಇರಲಿ. ಕಾಲಮ್‌ಗಳು: ದಿನಾಂಕ, ಆಸ್ಪತ್ರೆ, ವಿಭಾಗ, ರೋಗಿಗಳ ವಯೋಮಾನ, ಗಂಟೆ, ಮೇಲ್ವಿಚಾರಕರ ಹೆಸರು ಮತ್ತು ನೋಂದಣಿ ಸಂಖ್ಯೆ, ಸಹಿ ಮಾಡಿದ ಹಾಳೆಯ ಸ್ಕ್ಯಾನ್ ಎಲ್ಲಿದೆ. ವಿಭಾಗ ಎಂದರೆ ಮುಖ್ಯವಾಗಿ ಮೂರು: ಮೂಳೆ-ಸ್ನಾಯು, ನರವ್ಯೂಹ, ಹೃದಯ-ಶ್ವಾಸಕೋಶ. ಹೊರದೇಶದ ನಿಯಂತ್ರಕರು ಈ ಮೂರರಲ್ಲೂ ಕೈಪಳಗಿದೆಯೇ ಎಂದು ನೋಡುತ್ತಾರೆ. ಮೂಳೆ-ಸ್ನಾಯುವಿನಲ್ಲಿ 600 ಗಂಟೆ ಇದ್ದು ಹೃದಯ-ಶ್ವಾಸಕೋಶ ಬರೀ ತರಗತಿಯಲ್ಲಿ ಓದಿದ್ದಾದರೆ ಒಟ್ಟು ಗಂಟೆ ಎಷ್ಟಿದ್ದರೂ ಪ್ರಶ್ನೆ ಏಳುತ್ತದೆ. ಎರಡನೇ ವರ್ಷದ ಕೊನೆಗೆ ಲೆಕ್ಕ ಹಾಕಿ, ಕೊರತೆ ಇರುವ ವಿಭಾಗವನ್ನು ಮುಂದಿನ ತರಬೇತಿಗೆ ಕೇಳಿಕೊಳ್ಳಿ. ಅನಾರೋಗ್ಯದಿಂದ ತಪ್ಪಿದ ದಿನಗಳನ್ನು ಕಳೆಯಲು ಮರೆಯಬೇಡಿ.

ಪ್ರತಿ ವರ್ಷದ ಕೊನೆಗೆ ಆ ವರ್ಷದ ಎಲ್ಲ ವಿಷಯಗಳ ಅಧಿಕೃತ ವಿವರಣೆಯನ್ನು ಇಳಿಸಿಕೊಳ್ಳಿ. ಪಾಸಾದ ಕೆಲವೇ ತಿಂಗಳಿಗೆ ವಿದ್ಯಾರ್ಥಿ ಲಾಗಿನ್ ಮುಚ್ಚುತ್ತದೆ, ಪಠ್ಯಕ್ರಮ ಬದಲಾಗುತ್ತದೆ, ಹಳೆಯದನ್ನು ಹುಡುಕಿಕೊಡುವ ಸಿಬ್ಬಂದಿಯೂ ಬದಲಾಗಿರುತ್ತಾರೆ.

ಹಂತ 11: ನೋಂದಣಿ

ಓದಿದ ದೇಶದಲ್ಲಿ ಮೊದಲು ನೋಂದಾಯಿಸಿಕೊಳ್ಳಿ, ಅಲ್ಲಿ ಕೆಲಸ ಮಾಡುವ ಇರಾದೆ ಇಲ್ಲದಿದ್ದರೂ. ‘ಓದಿದ ದೇಶದಲ್ಲಿ ಈ ವ್ಯಕ್ತಿಗೆ ವೃತ್ತಿ ಮಾಡುವ ಅರ್ಹತೆ ಇದೆಯೇ?’ ಎಂದು ಮುಂದಿನ ನಿಯಂತ್ರಕರು ಕೇಳಿದಾಗ ನೋಂದಣಿ ಸಂಖ್ಯೆಗಿಂತ ಚಿಕ್ಕ ಉತ್ತರ ಇನ್ನೊಂದಿಲ್ಲ. ಶುಲ್ಕ ಉಳಿಸಲು ಇದನ್ನು ಬಿಟ್ಟವರು ಪತ್ರವ್ಯವಹಾರದಲ್ಲಿ ತಿಂಗಳುಗಟ್ಟಲೆ ಕಳೆಯುತ್ತಾರೆ.

ತಾಯ್ನಾಡಿನ ಅಥವಾ ಮೂರನೇ ದೇಶದ ಅರ್ಜಿಯಲ್ಲಿ ಬಹಳಷ್ಟು ದಾಖಲೆಗಳು ವಿಶ್ವವಿದ್ಯಾಲಯದಿಂದ ನೇರವಾಗಿ ಹೋಗಬೇಕು, ನಿಮ್ಮ ಕೈಯಿಂದ ಅಲ್ಲ. ಕ್ಯಾಂಪಸ್‌ನಲ್ಲಿ ಇರುವಾಗಲೇ ಆ ನಮೂನೆಗಳನ್ನು ಸಂಬಂಧಪಟ್ಟ ವಿಭಾಗಕ್ಕೆ ತಲುಪಿಸಿ, ಯಾರು ಕಳಿಸುತ್ತಾರೆ ಎಂದು ಹೆಸರು ಕೇಳಿಕೊಂಡು ಬನ್ನಿ. ಕೆನಡಾದ ಸಿಎಪಿಆರ್ ಕಾಗದ ಪತ್ರಗಳ ಜೊತೆ ಕೆನಡಾದ ಆರೋಗ್ಯ ವ್ಯವಸ್ಥೆಯ ತಿಳಿವಳಿಕೆಗೂ ಪುರಾವೆ ಕೇಳುತ್ತದೆ. ಅಮೆರಿಕಕ್ಕಾದರೆ ಯಾವ ರಾಜ್ಯ ಎಂದು ಮೊದಲು ಆರಿಸಿ, ಆ ರಾಜ್ಯ ಒಪ್ಪುವ ಮೌಲ್ಯಮಾಪನ ಸಂಸ್ಥೆಗೆ ಮಾತ್ರ ದಾಖಲೆ ಕಳಿಸಿ. ಕ್ರಮ ತಪ್ಪಿಸಿದರೆ ಎರಡು ಸಲ ಶುಲ್ಕ.

ಅಮೆರಿಕದಲ್ಲಿ ಪರವಾನಗಿಗಾಗಿ ಬರೆಯುವ ಎನ್‌ಪಿಟಿಇ ಪರೀಕ್ಷೆಯನ್ನು ಅಭ್ಯಾಸಕ್ಕೆಂದು ಒಮ್ಮೆ ಬರೆದು ನೋಡುವುದು ಬೇಡ. 200ರಿಂದ 800ರ ಅಳತೆಯಲ್ಲಿ 600 ಬಂದರೆ ಪಾಸು. 12 ತಿಂಗಳಲ್ಲಿ ಮೂರು ಸಲ, ಜೀವಮಾನದಲ್ಲಿ ಆರು ಸಲ ಮಾತ್ರ ಅವಕಾಶ. 400 ಅಥವಾ ಅದಕ್ಕಿಂತ ಕಡಿಮೆ ಅಂಕ ಎರಡು ಸಲ ಬಂದರೆ ಉಳಿದ ಅವಕಾಶಗಳೂ ಹೋಗುತ್ತವೆ. ಪೂರ್ಣಾವಧಿಯ ಮಾದರಿ ಪರೀಕ್ಷೆಗಳಲ್ಲಿ ಪಾಸಿನ ಗೆರೆಗಿಂತ ಸತತವಾಗಿ ಮೇಲೆ ಬರುವ ತನಕ ದಿನಾಂಕ ಕಾಯ್ದಿರಿಸಬೇಡಿ. ಪರೀಕ್ಷೆ ನಡೆಯುವುದು ನಿಗದಿತ ದಿನಗಳಲ್ಲಿ ಮಾತ್ರ. ಪರೀಕ್ಷೆಗೆ ಹೆಸರು ಕೊಡುವ ಗಡುವು ಅದಕ್ಕಿಂತ ಸಾಕಷ್ಟು ಮೊದಲೇ ಮುಗಿಯುವುದರಿಂದ, ದಾಖಲೆಗಳ ಮೌಲ್ಯಮಾಪನದ ವರದಿ ಯಾವಾಗ ಕೈಸೇರುತ್ತದೆ ಎಂದು ತಿಳಿದ ಮೇಲೆಯೇ ಓದಿನ ವೇಳಾಪಟ್ಟಿ ಹಾಕಿಕೊಳ್ಳಿ.